ಹೂಂ ಅನ್ನಿ

ಲಾರಿಗಳು ತಂಗುವ ಬಯಲಿನಲ್ಲಿ ನನ್ನ ಭಾವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗೂಬೆ ಎಂದರೆ ಸಾಕಿತ್ತು. ಗೂಬೆ ಬಂತಾ, ಗೂಬೆಗೆ ಲೋಡ್ ಆಯ್ತಾ, ಹೀಗೆ. ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಭಾವನಿಗೆ ಮಾತ್ರ ಆ ಹೆಸರೆಂದರೆ ಕೊರಳಿಗೆ ಪದಕ ಹಾಕಿಸಿಕೊಂಡಷ್ಟು ಹೆಮ್ಮೆ. ಏಕೆಂದರೆ ಅವರು ಮಲಗಿದ್ದನ್ನು ಕಂಡವರು ಆ ಬಯಲಿನಲ್ಲಿ ಒಬ್ಬರೂ ಇರಲಿಲ್ಲ. ಆ ಭಾಗ್ಯವೆಲ್ಲ ನಮ್ಮ ಮನೆಗೇ ಮೀಸಲು. ಮನೆಗೆ ಬಂದರೆಂದರೆ ಚಪ್ಪಲಿ ಒಂದು ಕಡೆ, ಅಂಗಿ ಒಂದು ಕಡೆ, ಭಾವ ಒಂದು ಕಡೆ. ನಡುಮನೆಯ ಚಾಪೆಯ ಮೇಲೆ ಬಿದ್ದರೆ ಅವರನ್ನು ದಾಟಿಕೊಂಡೇ ನಾವು ಅಡುಗೆಮನೆಗೆ ಹೋಗಬೇಕಿತ್ತು.

ನಾನು ಅವರ ಹೆಂಡತಿಯ ತಂಗಿ. ಅಕ್ಕನ ಮನೆಯಲ್ಲೇ ಇದ್ದೇನೆ. ನನಗೂ ಒಂದು ಮದುವೆಯಾಗಿತ್ತು, ಬಾಳಲಿಲ್ಲ, ಆ ಪುರಾಣ ಇಲ್ಲಿ ಬೇಡ. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳಿವೆ, ಒಂದು ಅಕ್ಕನದು, ಒಂದು ನನ್ನದು. ಶಾಲೆಯ ಮಕ್ಕಳ ಅಂಗಿ, ದಿಂಬಿನ ಗವಸು, ಕಿಟಕಿಯ ಪರದೆ, ಬಂದದ್ದನ್ನೆಲ್ಲ ಹೊಲಿಯುತ್ತೇವೆ. ಭಾವ ನನ್ನನ್ನು 'ಕತ್ತರಿ' ಎಂದು ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವವಳು ನಾನೆಂಬ ಕಾರಣಕ್ಕಲ್ಲ, ನನ್ನ ನಾಲಿಗೆಯ ಕಾರಣಕ್ಕೆ. ಇರಲಿ, ಗೂಬೆಯ ಕಥೆಯನ್ನು ಕತ್ತರಿಯೇ ಹೇಳಬೇಕೆಂದು ಹಣೆಯಲ್ಲಿ ಬರೆದಿದ್ದರೆ ತಪ್ಪಿಸುವವರು ಯಾರು.

ಭಾವನಿಗೆ ಲಾರಿ ಕಲಿಸಿದವರು ಒಬ್ಬ ಹಳೆಯ ಡ್ರೈವರ್. ಮದುವೆಯ ಹೊಸತರಲ್ಲಿ ನಮ್ಮ ಮನೆಗೂ ಒಮ್ಮೆ ಬಂದಿದ್ದರು. ಹಲ್ಲಿಲ್ಲದ ಬಾಯಿ, ಸ್ಟೇರಿಂಗ್ ಹಿಡಿದೂ ಹಿಡಿದೂ ಬಾಗಿಹೋದ ಬೆರಳುಗಳು. ಅಕ್ಕ ಕೊಟ್ಟ ಚಹಾ ಕುಡಿಯುತ್ತ ಭಾವನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ.

"ನೋಡಪ್ಪ, ಬ್ರೇಕ್ ಕೆಟ್ರೆ ರಿಪೇರಿ ಇದೆ, ಟೈರ್ ಹೋದ್ರೆ ಇನ್ನೊಂದಿದೆ. ನಿದ್ದೆ ಜೊತೆ ಮಾತ್ರ ಜಗಳ ಆಡ್ಬೇಡ. ಅದೇ ಗೆಲ್ಲೋದು. ಬಂದ್ರೆ ಗಾಡಿ ಪಕ್ಕಕ್ಕೆ ಹಾಕು, ಮಲಗು. ಅಷ್ಟೇ ವಿದ್ಯೆ."

ಆ ಕಾಲಕ್ಕೆ ಅದು ಕಷ್ಟದ ವಿದ್ಯೆಯೇನೂ ಆಗಿರಲಿಲ್ಲ. ಒಂದು ಲಾರಿಗೆ ಇಬ್ಬರು ಡ್ರೈವರ್‌ಗಳು. ಸೀಟಿನ ಹಿಂದೆ ಒಂದು ಹಲಗೆ. ಒಬ್ಬ ಓಡಿಸಿದರೆ ಇನ್ನೊಬ್ಬ ಹಲಗೆಯ ಮೇಲೆ ಮಲಗುತ್ತಿದ್ದ. ಆಮೇಲೆ ರಸ್ತೆಗಳು ಅಗಲವಾದವು, ಲಾರಿಗಳು ಹೊಸವಾದವು. ಇಷ್ಟು ಒಳ್ಳೆಯ ರಸ್ತೆಗೆ, ಇಷ್ಟು ಒಳ್ಳೆಯ ಗಾಡಿಗೆ ಇಬ್ಬರೇಕೆ ಎಂದು ಮಾಲೀಕರಿಗೆ ಅನ್ನಿಸಿತು. ಎರಡನೆಯ ಡ್ರೈವರ್‌ನನ್ನು ಇಳಿಸಿದರು. ಹಲಗೆ ಉಳಿಯಿತು, ಅದರ ಮೇಲೆ ಭಾವನ ಬಟ್ಟೆಯ ಚೀಲ ಮಲಗಿ ಪ್ರಯಾಣ ಮಾಡತೊಡಗಿತು. ರಸ್ತೆ ಅಗಲವಾದರೆ ಮನುಷ್ಯನ ಕಣ್ಣೂ ಅಗಲವಾಗುತ್ತದೆ ಎಂದು ಅವರಿಗೆ ಯಾರು ಹೇಳಿದರೋ ಕಾಣೆ.

ಒಬ್ಬರೇ ಆದ ಮೇಲೆ ಭಾವ ನಿದ್ದೆಯೊಂದಿಗೆ ಜಗಳ ಶುರು ಮಾಡಿದರು. ಒದ್ದೆ ಟವೆಲ್ ಕತ್ತಿಗೆ ಸುತ್ತಿಕೊಳ್ಳುವುದು, ಒಣಮೆಣಸಿನ ಬೀಜವನ್ನು ನಾಲಿಗೆಯ ಕೆಳಗಿಡುವುದು. ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖ ಒಡ್ಡುವುದು. ಎಡಗಾಲಿನ ಚಪ್ಪಲಿ ಕಳಚಿ ಬಿಸಿ ತಗಡಿನ ಮೇಲೆ ಪಾದ ಊರಿ ಕೂರುವುದೂ ಇತ್ತು. ಹಾಡುತ್ತಿದ್ದರಂತೆ ಬೇರೆ. ಅವರ ಗಂಟಲು ನನಗೆ ಗೊತ್ತು, ಅದನ್ನು ಕೇಳಿ ನಿದ್ದೆ ಓಡಿಹೋಗಿದ್ದರೆ ಆಶ್ಚರ್ಯವಿಲ್ಲ. ಆದರೆ ಭಾವನೇ ಹೇಳುತ್ತಿದ್ದರು, "ಇವೆಲ್ಲ ನಿದ್ದೆಗೆ ಹೇಳೋ ಸುಳ್ಳು ಕತ್ತರಿ. ಸ್ವಲ್ಪ ಹೊತ್ತು ನಂಬುತ್ತೆ. ಆಮೇಲೆ ನಂಬಲ್ಲ."

ಜನ ರಾತ್ರಿಗೆ ಹೆದರುತ್ತಾರೆ. ಭಾವ ಹೆದರುತ್ತಿದ್ದುದು ಮಧ್ಯಾಹ್ನಕ್ಕೆ. ರಾತ್ರಿಯ ನಿದ್ದೆ ಬಾಗಿಲು ತಟ್ಟಿ ಬರುವ ನೆಂಟ, ಬಂದದ್ದು ಗೊತ್ತಾಗುತ್ತದೆ. ಊಟವಾದ ಮೇಲಿನ ನಿದ್ದೆ ಹಿತ್ತಲಿನಿಂದ ಇಳಿಯುವ ಕಳ್ಳ. ಬಿಸಿಲು ಗಾಜಿನ ಮೇಲೆ ಕುಣಿಯುತ್ತಿರುತ್ತದೆ, ಎಂಜಿನ್ ಒಂದೇ ರಾಗ ಹಿಡಿದಿರುತ್ತದೆ, ರಸ್ತೆ ನೇರವಾಗಿ ಬಿದ್ದುಕೊಂಡಿರುತ್ತದೆ. ಕಣ್ಣು ತೆರೆದೇ ಇರುತ್ತದೆ, ಒಳಗಿನವನು ಮಾತ್ರ ಇರುವುದಿಲ್ಲ.

ಒಂದು ಸಲ ಹಾಗೆ ಆಯಿತು. ರಸ್ತೆಯ ಅಂಚಿನ ಕಾವಲುಕಲ್ಲುಗಳಿಗೆ ಲಾರಿ ಉಜ್ಜಿಕೊಂಡು ಹೋಗಿ ಎಡಗಡೆಯ ಕನ್ನಡಿ ಹಾರಿಹೋಯಿತು. ಆ ಸದ್ದಿಗೆ ಭಾವನಿಗೆ ಎಚ್ಚರವಾಯಿತು. ಆಚೆಗೆ ಹಳ್ಳವಿತ್ತಂತೆ. ಬಯಲಿನಲ್ಲಿ ಯಾರಿಗೂ ಹೇಳಲಿಲ್ಲ, ಮಂಗ ಕಿತ್ತುಕೊಂಡು ಹೋಯಿತು ಎಂದು ಏನೋ ಹಾರಿಸಿದರು. ಅಕ್ಕನಿಗೆ ಮಾತ್ರ ನಿಜ ಹೇಳಿದರು.

ಅಕ್ಕ ಮಾತಿನವಳೇ ಅಲ್ಲ, ಮಾತು ನನ್ನ ಇಲಾಖೆ. ಕೈಯಲ್ಲಿದ್ದ ಅಂಗಿಗೆ ಗುಂಡಿ ಹಚ್ಚಿ, ದಾರವನ್ನು ಹಲ್ಲಿನಲ್ಲಿ ಕಡಿದು, ಆಮೇಲೆ ಹೇಳಿದಳು.

"ಇನ್ಮೇಲೆ ಊಟ ಆದ್ಮೇಲೆ ನನಗೆ ಫೋನ್ ಮಾಡಿ. ನಾನು ಏನಾದ್ರೂ ಹೇಳ್ತಾ ಇರ್ತೀನಿ. ನೀವು ಹೂಂ ಅಂತಾ ಇರಿ."

ಅವಳ ಲೆಕ್ಕ ನನಗೆ ತಕ್ಷಣ ಅರ್ಥವಾಯಿತು. ನಾವು ಚಿಕ್ಕವರಿದ್ದಾಗ ಅಮ್ಮ ಕಥೆ ಹೇಳುತ್ತ ಹೂಂಗುಟ್ಟಿಸುತ್ತಿದ್ದಳು. ಹೂಂ ನಿಂತಿತೆಂದರೆ ಮಗು ಮಲಗಿತು, ಕಥೆ ಸಾಕು. ಅಕ್ಕ ಅದನ್ನೇ ತಿರುಗಿಸಿ ಹಾಕಿದ್ದಳು. ಹೂಂ ಬರುತ್ತಿರುವ ತನಕ ಗಂಡ ಎಚ್ಚರವಾಗಿದ್ದಾನೆ. ನಿಂತರೆ ಕೂಗಿ ಎಬ್ಬಿಸಬೇಕು. ನನಗೂ ಅದು ಬಹಳ ಜಾಣತನದ ಉಪಾಯ ಎನ್ನಿಸಿತ್ತು.

ಹೀಗೆ ನಮ್ಮ ಮಧ್ಯಾಹ್ನಗಳು ಬದಲಾದವು. ಎರಡು ಯಂತ್ರಗಳ ನಡುವೆ ದಾರದ ಉಂಡೆಗಳ ಸ್ಟ್ಯಾಂಡ್. ಅದಕ್ಕೆ ಫೋನನ್ನು ಒರಗಿಸಿ, ದನಿ ಕೋಣೆಗೆಲ್ಲ ಕೇಳುವಂತೆ ಇಟ್ಟು ಅಕ್ಕ ಮಾತು ಶುರು ಮಾಡುತ್ತಿದ್ದಳು. ಮಾತಿಲ್ಲದವಳಿಗೆ ಮಾತು ಹುಡುಕುವ ಕಷ್ಟ ಕೇಳಬೇಡಿ. ಮೊದಮೊದಲು ಹೊಲಿಯುವುದನ್ನೇ ವರದಿ ಒಪ್ಪಿಸುತ್ತಿದ್ದಳು. ಕೊರಳು ಕತ್ತರಿಸಿದೆ, ತೋಳು ಜೋಡಿಸಿದೆ. ನಾನು ಸನ್ನೆ ಮಾಡಿ ಬೇರೆ ವಿಷಯ ಕೊಡುತ್ತಿದ್ದೆ. ಮಹಡಿ ಮನೆಯ ಅಜ್ಜಿ ನೀರಿನ ನಲ್ಲಿಗಾಗಿ ಮಾಡಿದ ಯುದ್ಧ, ಮೈ ಎರಡು ಪಟ್ಟಾದರೂ ಹಳೆಯ ಅಳತೆಗೇ ಹೊಲಿಯಿರಿ ಎಂದು ಹಟ ಹಿಡಿದ ಗಿರಾಕಿ. ದಿನ ಕಳೆದ ಹಾಗೆ ಅಕ್ಕನಿಗೇ ಅಭ್ಯಾಸವಾಯಿತು. ಬೆಳಗ್ಗೆ ಬೀದಿಯಲ್ಲಿ ಕಂಡದ್ದನ್ನು ಮಧ್ಯಾಹ್ನಕ್ಕೆಂದು ಕೂಡಿಟ್ಟುಕೊಳ್ಳುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಆಡದ ಮಾತನ್ನೆಲ್ಲ ಅವಳು ಗಂಡನಿಗೆ ಆಡಿದ್ದು ಆಗಲೇ.

ಆ ಕಡೆಯಿಂದ ಎಂಜಿನ್ನಿನ ಮೊರೆತದ ಒಳಗಿಂದ "ಹೂಂ" ಬರುತ್ತಿತ್ತು. ಒಂದು ಹೂಂ ತಪ್ಪಿದರೆ ಅಕ್ಕ ನನ್ನ ಮುಖ ನೋಡುತ್ತಿದ್ದಳು. ಇನ್ನೊಂದೂ ತಪ್ಪಿದರೆ ನಾನು ದೊಡ್ಡ ಕತ್ತರಿಯಿಂದ ಸ್ಟೀಲ್ ತಟ್ಟೆಗೆ ಬಾರಿಸುತ್ತಿದ್ದೆ. ಅದಕ್ಕೆಂದೇ ತಟ್ಟೆ ಪಕ್ಕದಲ್ಲೇ ಇರುತ್ತಿತ್ತು.

"ಎಚ್ಚರ ಇದ್ದೀನಿ ಕಣೇ ಕತ್ತರಿ, ಗೇರ್ ಬದಲಾಯಿಸ್ತಿದ್ದೆ. ಕಿವಿ ತೂತು ಮಾಡ್ಬೇಡ."

ಒಂದು ದಿನ ನನಗೆ ಕುಚೇಷ್ಟೆ ಹುಟ್ಟಿತು. ಅಕ್ಕನ ಕಿವಿಯಲ್ಲಿ ಉಸುರಿದೆ. ಅವಳು ನಗು ತಡೆದುಕೊಂಡು ಫೋನಿಗೆ ಹೇಳಿದಳು, "ರೀ, ಮಹಡಿ ಮನೆ ಅಜ್ಜಿಗೆ ಅವಳಿ ಮಕ್ಕಳಾಯ್ತು."

"ಹೂಂ."

"ಎರಡಕ್ಕೂ ಮೀಸೆ ಇದೆ."

"ಹೂಂ."

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕನ ಯಂತ್ರದ ಸೂಜಿ ಮುರಿಯಿತು. ಹೆಂಡತಿ ಮಾತೆಂದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ಗಂಡಸರ ಜಾತಿಗುಣ, ಇವರೇನು ಆಕಾಶದಿಂದ ಉದುರಿದವರೇ ಎಂದು ನಾನು ಹಂಗಿಸಿದೆ. ಆ ನಗುವನ್ನು ನೆನೆದರೆ ಈಗ ನನ್ನ ಬಾಯಿ ನನಗೇ ಕಹಿಯಾಗುತ್ತದೆ.

ಭಾವ ಮನೆಯಲ್ಲಿದ್ದ ಒಂದು ಮಧ್ಯಾಹ್ನ ನಿಜ ಹೊರಬಿತ್ತು. ಹಿಂದಿನ ದಿನ ಬಂದವರು ನಡುಮನೆಯ ಚಾಪೆಯ ಮೇಲೆ ಬಿದ್ದುಕೊಂಡಿದ್ದರು. ಬಾಯಿ ತೆರೆದಿತ್ತು, ಗೊರಕೆ ಬೀದಿಗೆ ಕೇಳುತ್ತಿತ್ತು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನನಗೆಂದು ಹೇಳಿದಳು, "ಸೋಪು ಮುಗೀತು ನೋಡು."

ಚಾಪೆಯ ಮೇಲಿಂದ "ಹೂಂ" ಎಂದು ಬಂತು.

ಎದ್ದರೇನೋ ಎಂದು ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗೊರಕೆ ನಡೆದೇ ಇತ್ತು. ಕೆನ್ನೆಯ ಮೇಲೆ ಒಂದು ನೊಣ ಓಡಾಡುತ್ತಿತ್ತು. ಅಕ್ಕ ಬಾಗಿಲಿನಲ್ಲೇ ನಿಂತು, ಫೋನಿನಲ್ಲಿ ಮಾತಾಡುವ ದನಿಯಲ್ಲಿ ಮೆಲ್ಲಗೆ ಹೇಳಿದಳು, "ಆಮೇಲೆ ಏನಾಯ್ತು ಗೊತ್ತಾ, ನಾನು ಬೆಳಗ್ಗೆ ಅಂಗಡಿಗೆ ಹೋದೆ."

ಗೊರಕೆ ನಿಂತಿತು. "ಹೂಂ." ಗೊರಕೆ ಮುಂದುವರಿಯಿತು.

"ಅಂಗಡಿ ಮುಚ್ಚಿತ್ತು."

"ಹೂಂ."

"ಮನೆಗೆ ಬೆಂಕಿ ಬಿದ್ದಿದೆ."

"ಹೂಂ."

ನಾನು ನಗಲು ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಹಾಗೇ ಮುಚ್ಚಿದೆ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಮೀಸೆಯ ಅವಳಿ ಮಕ್ಕಳ ದಿನ ಆ ಲಾರಿಯನ್ನು ಓಡಿಸುತ್ತಿದ್ದವರು ಯಾರು ಎಂಬುದು ನನಗೂ ಆಗ ಹೊಳೆಯಿತು. ಎಚ್ಚರವಾಗಿರಲಿ ಎಂದು ಅಕ್ಕ ಆಡಿದ ಮಾತೇ ಅವರಿಗೆ ಜೋಗುಳವಾಗಿತ್ತು. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಎನ್ನುತ್ತಾರಲ್ಲ, ನಾವು ದಿನವೂ ಮಧ್ಯಾಹ್ನ ದಾರದ ಸ್ಟ್ಯಾಂಡಿಗೆ ಫೋನ್ ಒರಗಿಸಿ ಮಾಡುತ್ತಿದ್ದುದು ಅದನ್ನೇ. ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳು ಸುಮ್ಮನಾಗಿದ್ದಕ್ಕೋ ಏನೋ, ಭಾವ ಕಣ್ಣು ಬಿಟ್ಟು, "ಯಾಕೇ, ಮಾತು ನಿಲ್ಲಿಸ್ದೆ?" ಎಂದರು.

ಅಂದು ಜಗಳವಾಯಿತು. ಹೋಗಬೇಡಿ ಎಂದು ಅಕ್ಕ. ಇದು ಬಿಟ್ಟು ನನಗೆ ಬೇರೆ ಏನು ಬರುತ್ತದೆ, ನಿಮ್ಮ ಜೊತೆ ಕೂತು ಗುಂಡಿಗೆ ಕಾಜಾ ಹಾಕಲೇ ಎಂದು ಭಾವ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಇನ್ನು ಹೂಂ ನಡೆಯುವುದಿಲ್ಲ. ಅಕ್ಕ ಪ್ರಶ್ನೆ ಕೇಳಬೇಕು, ಭಾವ ಉತ್ತರ ಹೇಳಬೇಕು.

ಕೆಲವು ದಿನ ಅದು ಆಟದಂತೆ ನಡೆಯಿತು. ಮುಂದೆ ಏನು ಕಾಣಿಸ್ತಿದೆ ಎಂದರೆ, ಒಂದು ಟ್ಯಾಂಕರ್, ಅದರ ಹಿಂದೆ ಬಿಡಿಸಿದ ನಾಯಿಗೆ ನಿನ್ನ ತಂಗಿಯ ಮುಖ ಇದೆ ಎನ್ನುತ್ತಿದ್ದರು. ಆಮೇಲೆ ಸಿಡುಕತೊಡಗಿದರು. "ಪರೀಕ್ಷೆಗೆ ಕೂತಿದ್ದೀನಾ ನಾನು? ರಸ್ತೆ ಕಾಣಿಸ್ತಿದೆ. ನಿನ್ನೆ ಕಂಡಿದ್ದೇ ರಸ್ತೆ." ಅಕ್ಕ ಬಿಡಲಿಲ್ಲ. ಬಯ್ಯಿಸಿಕೊಂಡೇ ಕೇಳುತ್ತಿದ್ದಳು, ಬಯ್ಯುವವನು ಎಚ್ಚರವಾಗಿರುತ್ತಾನೆ ಎಂಬ ಸಮಾಧಾನ ಅವಳಿಗೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ಎಂದಿನಂತೆ ಕೇಳಿದಳು, "ಮುಂದೆ ಏನಿದೆ?"

"ಕೆರೆ," ಎಂದರು ಭಾವ. ದನಿ ಬಹಳ ಶಾಂತವಾಗಿತ್ತು, ಚಿಕ್ಕ ಹುಡುಗನ ದನಿಯ ಹಾಗೆ.

"ರಸ್ತೇಲಿ ಕೆರೆ ಎಲ್ಲಿಂದ ಬಂತು?"

"ಅಪ್ಪ ಈಜ್ತಾ ಇದಾರೆ. ನೀರು ತಣ್ಣಗಿದೆ, ಬಾ ಅಂತಿದಾರೆ."

ಭಾವನ ಅಪ್ಪ ತೀರಿಕೊಂಡು ಯಾವ ಕಾಲವಾಗಿತ್ತೋ. ಅಕ್ಕ ಕಿರುಚಿದ ಕಿರುಚು ಬೀದಿಯವರನ್ನೆಲ್ಲ ಬಾಗಿಲಿಗೆ ತಂದಿತು. ನಾನು ತಟ್ಟೆ ನೆಗ್ಗಿ ಹೋಗುವ ಹಾಗೆ ಬಾರಿಸಿದೆ. ಆ ಕಡೆ ಟೈರುಗಳು ಕಿರ್ರೆಂದವು, ಹಿಂದಿನಿಂದ ಯಾವುದೋ ವಾಹನ ಉದ್ದಕ್ಕೆ ಹಾರನ್ ಬಾರಿಸಿಕೊಂಡು ದಾಟಿಹೋಯಿತು. ಎಂಜಿನ್ ನಿಂತಿತು, ಭಾವನ ಮಾತು ಬಂತು.

"ನಿಂತಿದ್ದೀನಿ. ಏನೂ ಆಗಿಲ್ಲ. ನಿಂತಿದ್ದೀನಿ."

ಆಮೇಲೆ ಅವರು ಅತ್ತರು. ಗಂಡಸು ಫೋನಿನಲ್ಲಿ ಅಳುವುದನ್ನು ಕೇಳುವುದು ಎದುರಿಗೆ ನೋಡುವುದಕ್ಕಿಂತ ಕಷ್ಟ. ನಾನು ಎದ್ದು ಅಡುಗೆಮನೆಗೆ ಹೋದೆ.

ಮಾತು, ಹೂಂ, ಪ್ರಶ್ನೆ, ಯಾವುದನ್ನೂ ಇನ್ನು ನಂಬುವಂತಿರಲಿಲ್ಲ. ಉಳಿದದ್ದು ಹಲ್ಲಿಲ್ಲದ ಆ ಮುದುಕರು ಹೇಳಿದ್ದ ವಿದ್ಯೆ ಒಂದೇ. ಗಾಡಿ ಪಕ್ಕಕ್ಕೆ ಹಾಕು, ಮಲಗು. ಆದರೆ ಅಷ್ಟು ಹೊತ್ತಿಗೆ ಲಾರಿಯೊಳಗೆ ಒಂದು ಚಾಡಿ ಪೆಟ್ಟಿಗೆ ಬಂದು ಕೂತಿತ್ತು. ಅದರ ನಿಜವಾದ ಹೆಸರು ಬೇರೆ, ಡ್ರೈವರ್‌ಗಳು ಕರೆಯುತ್ತಿದ್ದುದು ಹಾಗೆ. ಲಾರಿ ಎಲ್ಲಿದೆ, ಓಡುತ್ತಿದೆಯೋ ನಿಂತಿದೆಯೋ ಎಂದು ಅದು ಗಳಿಗೆಗೊಮ್ಮೆ ಆಫೀಸಿಗೆ ಚಾಡಿ ಹೇಳುತ್ತಿತ್ತು. ಊಟಕ್ಕೆ ನಿಲ್ಲಿಸಿದ್ದು ಒಂದಿಷ್ಟು ಹೆಚ್ಚಾದರೂ ಆಫೀಸಿನವನ ಫೋನ್. ತಣ್ಣನೆಯ ಕೋಣೆಯಲ್ಲಿ ಕುರ್ಚಿಗೆ ಒರಗಿ ಕೂತವನು ಅವನು. "ಏನ್ರೀ, ಗಾಡಿ ಯಾಕೆ ನಿಂತಿದೆ?" ನಿದ್ದೆ ಬಂತು ಎಂದು ಹೇಳಿದವರಿಗೆ ಮುಂದಿನ ಲೋಡು ಸಿಗುತ್ತಿರಲಿಲ್ಲ.

ಅಕ್ಕನ ಕಾಟಕ್ಕೆ ಭಾವ ಒಮ್ಮೆ ಮಾಲೀಕರ ಹತ್ತಿರವೇ ಹೋಗಿ ನಿಂತರು. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಲು ಬಿಡಿ, ಇಲ್ಲವೇ ಜೊತೆಗೆ ಇನ್ನೊಬ್ಬನನ್ನು ಕೊಡಿ ಎಂದು ಕೇಳಿದರು. ಮಾಲೀಕರು ಕೆಟ್ಟದಾಗಿ ಮಾತಾಡಲಿಲ್ಲ. ಬೆನ್ನು ತಟ್ಟಿ ನಕ್ಕರಂತೆ.

"ಊರೆಲ್ಲ ನಿನ್ನ ಗೂಬೆ ಅನ್ನುತ್ತಪ್ಪ. ಗೂಬೆಗೂ ನಿದ್ದೆ ಬರುತ್ತಾ?"

ಭಾವನೂ ನಕ್ಕು ಬಂದರು. ಆ ಹೆಸರನ್ನು ಅವರೇ ಸಾಕಿ ಬೆಳೆಸಿದ್ದರು, ಈಗ ಅದು ಅವರ ಬಾಯಿಗೇ ಬೀಗ ಜಡಿಯಿತು. ಮನೆಗೆ ಬಂದು ಅದನ್ನು ಹೇಳಿದಾಗ ನನಗೆ ಮಾಲೀಕರ ಮೇಲೆ ಬಂದಷ್ಟೇ ಸಿಟ್ಟು ಭಾವನ ಮೇಲೂ ಬಂತು. ನಾಚಿಕೆ ಇಲ್ಲದೆ ಹಸಿವೆ ಅನ್ನುತ್ತೀರಿ, ನಿದ್ದೆ ಅನ್ನುವುದಕ್ಕೇನು ಧಾಡಿ ಎಂದೆ.

ಚಾಡಿ ಪೆಟ್ಟಿಗೆಗೆ ಡ್ರೈವರ್‌ಗಳು ಒಂದು ಮದ್ದು ಕಂಡುಕೊಂಡಿದ್ದರು. ಬ್ಯಾಟರಿಯ ಮೇನ್ ಸ್ವಿಚ್ ತೆಗೆದುಬಿಡುವುದು. ಪೆಟ್ಟಿಗೆಯ ಉಸಿರು ನಿಲ್ಲುತ್ತದೆ. ಎದ್ದ ಮೇಲೆ ಮತ್ತೆ ಹಾಕಿದರಾಯಿತು. ಆಫೀಸಿನವನು ಕೇಳಿದರೆ ಸಿಗ್ನಲ್ ಇರಲಿಲ್ಲ ಎನ್ನುವುದು. ಬಯಲಿನಲ್ಲಿ ಎಲ್ಲರೂ ಮಾಡುತ್ತಿದ್ದರು, ಭಾವ ಮಾಡಿರಲಿಲ್ಲ. ಮೇನ್ ಸ್ವಿಚ್ ತೆಗೆದರೆ ಪೆಟ್ಟಿಗೆಯ ಜೊತೆಗೆ ಲಾರಿಯ ದೀಪಗಳೂ ಸಾಯುತ್ತವೆ. ರಸ್ತೆ ಬದಿಯಲ್ಲಿ ನಿಂತ ಗಾಡಿ ಹಿಂದೆ ಮುಂದೆ ಇಂಡಿಕೇಟರ್ ಮಿನುಗಿಸದೆ ನಿಂತರೆ ಅದು ಗಾಡಿಯಲ್ಲ, ಗೋಡೆ ಎಂದು ಅವರ ಗುರುಗಳು ಹೇಳಿದ್ದರಂತೆ.

ಆ ದಿನ ಊಟವಾದ ಮೇಲೆ ಫೋನ್ ಬಂತು. ಅಕ್ಕ ನೀಲಿ ಬಟ್ಟೆಗೆ ತೋಳು ಜೋಡಿಸುತ್ತಿದ್ದಳು. ಭಾವನ ಮಾತು ಆಗಲೇ ತೊದಲುತ್ತಿತ್ತು. ಹಿಂದಿನ ರಾತ್ರಿ ಲೋಡಿಗೆ ಕಾಯುತ್ತ ಕೂತೇ ಕಳೆದಿದ್ದರಂತೆ.

"ನಿಲ್ಲಿಸಿ," ಎಂದಳು ಅಕ್ಕ.

"ನಿಲ್ಲಿಸಿದ್ರೆ ಅವನು ಫೋನ್ ಮಾಡ್ತಾನೆ."

"ಆ ಸ್ವಿಚ್ ತೆಗೀರಿ. ಎಲ್ಲರೂ ತೆಗೀತಾರಂತಲ್ಲ."

"ದೀಪ ಇರಲ್ಲ ಕಣೇ."

"ಹಗಲು ದೀಪ ಯಾಕ್ರೀ? ಸೂರ್ಯ ಇದಾನಲ್ಲ. ನಿಮ್ಮ ಕೈ ಮುಗೀತೀನಿ, ನಿಲ್ಲಿಸಿ. ನಾನು ಎಬ್ಬಿಸ್ತೀನಿ."

ಹಗಲು ದೀಪ ಯಾಕೆ ಎಂಬ ಮಾತು ನನಗೂ ಸರಿಯೆನ್ನಿಸಿತ್ತು. ನಾವು ಸೂಜಿಗೆ ದಾರ ಪೋಣಿಸುವವರು, ರಸ್ತೆಯ ಮೇಲೆ ಹಗಲಿನಲ್ಲೂ ಕುರುಡರು ಓಡಾಡುತ್ತಾರೆಂದು ನಮಗೇನು ಗೊತ್ತು. ಲಾರಿ ನಿಧಾನವಾದದ್ದು, ಕಲ್ಲುಮಣ್ಣಿನ ಮೇಲೆ ಇಳಿದದ್ದು, ಎಂಜಿನ್ ನಿಂತದ್ದು ಎಲ್ಲ ಕೇಳಿಸಿತು. ಭಾವ ಕೆಳಗಿಳಿದು ಸ್ವಿಚ್ ತೆಗೆದು ಬಂದರು. ಗಾಡಿಯ ಹಿಂದೆ ಕಲ್ಲು, ಸೊಪ್ಪು ಏನಾದರೂ ಇಡುತ್ತೇನೆ ಎಂದವರು, ಕಾಲು ಎತ್ತಿಡಲಾಗುತ್ತಿಲ್ಲ, ಇರಲಿ, ಬಿಳಿ ಗೆರೆಯಿಂದ ಪೂರ್ತಿ ಈಚೆಗಿದ್ದೀನಿ ಎಂದರು. ಬಟ್ಟೆಯ ಚೀಲವನ್ನು ಕೆಳಗೆ ತಳ್ಳಿ ಹಲಗೆಯ ಮೇಲೆ ಒರಗಿಕೊಂಡರು. ಫೋನು ಅಂಗಿಯ ಜೇಬಿನಲ್ಲಿತ್ತು.

"ಏನಾದ್ರೂ ಹೇಳು," ಎಂದರು. "ನೀನು ಮಾತಾಡಿದ್ರೆ ಬೇಗ ಬರುತ್ತೆ."

ಅಕ್ಕ ನನ್ನ ಕಡೆ ನೋಡಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು. ಮೆಲ್ಲಗೆ ಹೇಳತೊಡಗಿದಳು, ಈ ನೀಲಿ ಬಟ್ಟೆ ಯಾರದು, ಅದರ ಅಳತೆ ಎಷ್ಟು ಸಲ ತಪ್ಪಿತು. ಹೂಂ, ಹೂಂ ಎಂದು ಬಂತು. ಆಮೇಲೆ ಗೊರಕೆ ಕೇಳಿಸಿತು. ಅಕ್ಕ ಮಾತು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಎಚ್ಚರವಾಗುತ್ತದಲ್ಲ. ಯಂತ್ರ ತುಳಿಯುವುದನ್ನು ಬಿಟ್ಟು, ಕೈಹೊಲಿಗೆ ಹಾಕುತ್ತ ಅದೂ ಇದೂ ಹೇಳುತ್ತಲೇ ಇದ್ದಳು. ಆ ಗೊರಕೆಯನ್ನು ಕೇಳುತ್ತ ನನಗೂ ಕಣ್ಣು ತುಂಬಿ ಬಂತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ತಲೆ ತುಂಬ ಚಿಂತೆ ಇಟ್ಟುಕೊಂಡು ಈ ಮನುಷ್ಯ ಎಷ್ಟು ಚೆನ್ನಾಗಿ ಮಲಗಿದ್ದಾರೆ ಎಂದುಕೊಂಡೆ.

ಆಗ ಆ ಸದ್ದು ಬಂತು. ಕಬ್ಬಿಣದ ಗೇಟನ್ನು ಎತ್ತಿ ಮಹಡಿಯಿಂದ ಎಸೆದಂಥ ಸದ್ದು. ಗಾಜು ಸುರಿಯಿತು. ಆಮೇಲೆ ಏನೂ ಇಲ್ಲ, ಗೊರಕೆಯೂ ಇಲ್ಲ.

"ರೀ," ಎಂದಳು ಅಕ್ಕ. "ರೀ, ಹೂಂ ಅನ್ನಿ. ಏನೂ ಹೇಳ್ಬೇಡಿ, ಹೂಂ ಅನ್ನಿ ಸಾಕು."

ನನ್ನ ಕೈ ತಾನಾಗಿ ಕತ್ತರಿ ಎತ್ತಿಕೊಂಡು ತಟ್ಟೆ ಬಾರಿಸುತ್ತಿತ್ತು. ಅಕ್ಕ ಅದನ್ನು ಹಿಡಿದು ನಿಲ್ಲಿಸಿದಳು. ಮೈಯೆಲ್ಲ ಕಿವಿಯಾಗಿ ಕೂತೆವು. ಕೆಮ್ಮು ಕೇಳಿಸಿತು.

"ಇದ್ದೀನಿ," ಎಂದರು ಭಾವ. "ಹಲಗೆಯಿಂದ ಕೆಳಗೆ ಬಿದ್ದೆ. ಹಣೆ ಒಡೆದಿದೆ. ಹಿಂದಿನಿಂದ ಯಾರೋ ಗುದ್ದಿದಾರೆ. ಇರು, ನೋಡ್ತೀನಿ."

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಬದುಕಿದ್ದಾನೆ, ಇನ್ನೇನು ಬೇಕು. ನಾನು ಅವಳ ಬೆನ್ನು ಸವರುತ್ತ ಫೋನಿಗೆ ಕಿವಿ ಕೊಟ್ಟೆ. ಬಾಗಿಲು ತೆರೆಯಿತು. ಕಲ್ಲಿನ ಮೇಲೆ ಹೆಜ್ಜೆಗಳು. ಭಾವ ತಮ್ಮ ಲಾರಿಯ ಉದ್ದಕ್ಕೂ ಏದುಸಿರು ಬಿಡುತ್ತ ಹಿಂದಕ್ಕೆ ನಡೆಯುತ್ತಿದ್ದರು.

"ಅಣ್ಣಾ," ಎಂದು ಯಾರನ್ನೋ ಕರೆದರು. "ಅಣ್ಣಾ, ಕೇಳಿಸ್ತಿದೆಯಾ?"

ಉತ್ತರವಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಹಳ ಸಣ್ಣ ದನಿಯಲ್ಲಿ ಅಕ್ಕನಿಗೆ ಹೇಳಿದರು, "ಲಾರಿ ಕಣೇ. ನನ್ನ ಹಾಗೇ ಒಬ್ಬನೇ ಇದ್ದ. ಹೋಗಿಬಿಟ್ಟಿದಾನೆ. ಬ್ರೇಕ್ ಹಾಕಿದ ಗುರುತೇ ಇಲ್ಲ ರಸ್ತೆ ಮೇಲೆ." ಮತ್ತೆ ಹೇಳಿದರು, "ದೀಪ ಇರಲಿಲ್ಲ ನನ್ನದು. ದೀಪ ಇರಲಿಲ್ಲ."

ದೀಪ ಮಿನುಗುತ್ತಿದ್ದರೆ ಅವನಿಗೆ ಎಚ್ಚರವಾಗುತ್ತಿತ್ತೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ಮುಚ್ಚಿದ ಕಣ್ಣಿಗೆ ದೀಪವೇನು, ಕತ್ತಲೇನು ಎಂದು ನಾನು ಆಮೇಲೆ ಎಷ್ಟೋ ಸಲ ಭಾವನಿಗೆ ಹೇಳಿದ್ದೇನೆ. ಲಾರಿ ಗೆರೆಯಿಂದ ಈಚೆಗೇ ಇತ್ತು ಎಂದು ಪೊಲೀಸರೂ ಬರೆದುಕೊಂಡರು. ಭಾವನಿಗೆ ಅದಾವುದೂ ಹಿಡಿಸಲಿಲ್ಲ. ಮತ್ತೆ ಅವರು ಲಾರಿ ಹತ್ತಲಿಲ್ಲ. ಈಗ ಒಂದು ಗೋದಾಮಿನ ಕಾವಲಿಗೆ ಹೋಗುತ್ತಾರೆ, ಹಗಲು ಮನೆಗೆ ಬಂದು ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ. ಅಕ್ಕ ಏನಾದರೂ ಹೇಳಿದರೆ ತಲೆಯಾಡಿಸುತ್ತಾರೆ. ಹೂಂ ಎನ್ನುವುದಿಲ್ಲ. ಅದು ಏಕೆಂದು ಬಲ್ಲವರು, ಆ ಮಧ್ಯಾಹ್ನ ಫೋನಿನ ಈ ಕಡೆ ಕೂತಿದ್ದ ನಾವಿಬ್ಬರೇ.

ಆ ಮಧ್ಯಾಹ್ನ ಭಾವ ಹಾಗೆ ದೀಪ, ದೀಪ ಎನ್ನುತ್ತ ನಿಂತಿದ್ದಾಗ ಅಲ್ಲೇ ಹತ್ತಿರದಲ್ಲಿ ಯಾರೋ ಹೆಂಗಸು ಮಾತಾಡುವುದು ಕೇಳಿಸಿತು. ಸದ್ಯ, ಜನ ಸೇರಿದರು ಎಂದುಕೊಂಡೆ. ಆದರೆ ಆ ದನಿಯಲ್ಲಿ ಗಾಬರಿ ಇರಲಿಲ್ಲ. ಮನೆಯಲ್ಲಿ ಕೂತು ಮಾತಾಡುವವರ ದನಿ.

"...ನಾನು ಕೊಡ ತಗೊಂಡು ಇಳಿಯೋ ಹೊತ್ತಿಗೆ ನೀರೇ ನಿಂತು ಹೋಯ್ತು. ನಿಮ್ಮ ಮಗಳನ್ನ ಕಳಿಸಿದ್ರೆ ಅವಳು ಆಡ್ತಾ ನಿಂತ್ಳು..."

ಅಕ್ಕ ಅಳು ನಿಲ್ಲಿಸಿ ತಲೆ ಎತ್ತಿದಳು.

ಭಾವನ ಹೆಜ್ಜೆಗಳು ಎರಡು ಕಡೆ ಹುಡುಕಾಡಿದವು. ಗಾಜಿನ ಚೂರುಗಳು ಸರಿದ ಸದ್ದಾಯಿತು. ಆ ಲಾರಿಯ ಒಡೆದ ಕ್ಯಾಬಿನ್ನಿನಿಂದ ಹಾರಿಬಿದ್ದ ಫೋನನ್ನು ಅವರು ಎತ್ತಿಕೊಂಡಿರಬೇಕು, ಹೆಂಗಸಿನ ದನಿ ಈಗ ನಮ್ಮ ಕೋಣೆಯಲ್ಲೇ ಇದ್ದಷ್ಟು ಸ್ಪಷ್ಟವಾಯಿತು.

"ಆಗ ಏನೋ ಸದ್ದಾಯ್ತಲ್ಲ, ಏನದು? ಗುಂಡಿಗೆ ಇಳಿಸಿದ್ರಾ? ಕೇಳಿಸ್ತಿದೆಯಾ ನಾನು ಹೇಳಿದ್ದು?" ಸ್ವಲ್ಪ ತಡೆದು ಮತ್ತೆ ಹೇಳಿದಳು, "ಯಾಕೆ ಸುಮ್ಮನಾದ್ರಿ? ಹೂಂ ಅನ್ನಿ."

ಭಾವನ ಉಸಿರು ಮಾತ್ರ ಕೇಳಿಸುತ್ತಿತ್ತು.

"ರೀ, ಹೂಂ ಅನ್ನಿ."

"ಹೂಂ," ಎಂದರು ಭಾವ.

"ಸದ್ಯ. ನನ್ನ ಜೀವ ಬಾಯಿಗೆ ಬಂದಿತ್ತು. ದನಿ ಯಾಕೆ ಹಾಗಿದೆ? ನಿದ್ದೆ ಬರ್ತಿದೆ ತಾನೆ? ಎಲ್ಲಾದ್ರೂ ಪಕ್ಕಕ್ಕೆ ಹಾಕಿ ಸ್ವಲ್ಪ ಮಲಗಿ ಅಂದ್ರೆ ಕೇಳೋದೇ ಇಲ್ಲ ನೀವು."

"ಹೂಂ."

ಅಕ್ಕ ಫೋನ್ ನಿಲ್ಲಿಸಲು ಕೈ ಚಾಚಿದಳು, ಚಾಚಿದ ಕೈ ಹಾಗೇ ಉಳಿಯಿತು. ಆ ಹೆಂಗಸು ನೀರಿನ ವಿಷಯಕ್ಕೆ ಮರಳಿದಳು. ಸಂಜೆ ಮತ್ತೆ ನೀರು ಬಿಡುತ್ತಾರಂತೆ, ಮಗಳ ಕೂದಲು ತೊಳೆಯಬೇಕಂತೆ. ಒಂದೊಂದು ಮಾತಿಗೂ ಅವಳು ಸ್ವಲ್ಪ ನಿಲ್ಲಿಸುತ್ತಿದ್ದಳು, ಭಾವ ಹೂಂ ಅನ್ನುತ್ತಲೇ ಇದ್ದರು.